ಮನೆತನದ ಕಥೆ ಯಾರ ಸೊತ್ತು?

ಹಂಪಿಗೆ ಹೋದಾಗ ತಾವು ವಿರೂಪಾಕ್ಷ ದೇವಾಲಯದ ರಂಗಮಂಟಪದ ಬಳಿ ನಿಂತಿರುವ ಕೃಷ್ಣದೇವರಾಯನ ಶಿಲಾಶಾಸನವನ್ನು ಗಮನಿಸಿರಬಹುದು. ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರ ಸುಮಾರಿಗೆ, ಅರಸನು ಆ ಮಂಟಪವನ್ನು ಕಟ್ಟಿಸಿ ಹಾಕಿಸಿದ ಶಾಸನವದು. ಕೊಟ್ಟ ದಾನದ ವಿವರಕ್ಕೆ ಬರುವ ಮೊದಲು ಅದು ಕೊಟ್ಟವನ ವಂಶಾವಳಿಯನ್ನು ಹೇಳುತ್ತದೆ. ಚಂದ್ರನಿಂದ ತೊಡಗಿ ಬುಧ, ಪುರೂರವ, ನಹುಷ, ಯಯಾತಿ, ತುರ್ವಸು ಎಂದು ಪುರಾಣದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು, ಬಳಿಕ ತಿಮ್ಮ, ಈಶ್ವರ, ನರಸ ಎಂಬ ಚಾರಿತ್ರಿಕ ಪುರುಷರ ಬಳಿ ಬಂದು ನಿಲ್ಲುತ್ತದೆ. ತುರ್ವಸುವಿಗೂ ತಿಮ್ಮನಿಗೂ ನಡುವೆ ಎಷ್ಟು ತಲೆಮಾರುಗಳು ಉರುಳಿದವೋ ಶಾಸನಕ್ಕೆ ಅದರ ಚಿಂತೆಯಿಲ್ಲ. ತುಳುವ ಮನೆತನವು ಸಾಳುವರ ಕೈಯಿಂದ ಗದ್ದುಗೆಯನ್ನು ಪಡೆದ ಬಗೆಯನ್ನಂತೂ ಅದು ಪ್ರಸ್ತಾಪಿಸುವುದೇ ಇಲ್ಲ. ತನಗೆ ಬೇಕಾದುದನ್ನು ಕಲ್ಲಿನಲ್ಲಿ ಕೆತ್ತಿಸಿ ಬೇಡವಾದುದನ್ನು ಬಿಟ್ಟುಬಿಡುವ ಅನುಕೂಲ ಅರಸನಿಗಿತ್ತು.

ಐದು ಶತಮಾನಗಳ ಬಳಿಕ ಆ ಅನುಕೂಲ ಎಲ್ಲರ ಕೈಗೂ ಬಂದಿದೆ. ಹೊಸಪೇಟೆಯ ಯಾವುದೋ ಬಡಾವಣೆಯ ಯುವಕನೊಬ್ಬ ಅಜ್ಜನ ಹಳೆಯ ಪೆಟ್ಟಿಗೆಯನ್ನು ತೆರೆದು, ಅಲ್ಲಿ ಸಿಕ್ಕ ಕಾಗದಪತ್ರಗಳ ಚಿತ್ರ ತೆಗೆದು, ವಂಶವೃಕ್ಷವೊಂದನ್ನು ರಚಿಸಿ ಸಂಜೆಯೊಳಗೆ ಅಂತರಜಾಲಕ್ಕೆ ಏರಿಸಬಲ್ಲ. ಆ ಆಸಕ್ತಿ ಮೆಚ್ಚತಕ್ಕದ್ದೇ. ನಮ್ಮ ಹಿರಿಯರು ಯಾರು, ಎಲ್ಲಿಂದ ಬಂದರು ಎಂದು ಕೇಳುವುದು ಮನುಷ್ಯಸಹಜ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅರಸನು ತನ್ನ ಕಥೆಯನ್ನು ತಾನೇ ಬರೆಯಿಸಿದನು. ಈ ಯುವಕನು ಬರೆಯುತ್ತಿರುವುದು ಅಜ್ಜನ ಕಥೆಯನ್ನು, ಚಿಕ್ಕಜ್ಜಿಯ ಕಥೆಯನ್ನು, ಯಾವ ಊರಿಗೋ ಹೋಗಿ ನೆಲೆಸಿದ ದೊಡ್ಡಪ್ಪನ ಮಕ್ಕಳ ಕಥೆಯನ್ನು. ಅವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ತಮ್ಮ ಬಗ್ಗೆ ಹೀಗೊಂದು ಬರಹ ಲೋಕಕ್ಕೆ ತೆರೆದುಕೊಂಡಿದೆಯೆಂಬುದು ಅವರಿಗೆ ತಿಳಿದೂ ಇರಲಾರದು.

ಇದು ಹೊಸ ಯಂತ್ರಗಳು ತಂದ ಹೊಸ ತೊಡಕೆಂದು ಭಾವಿಸಬೇಕಿಲ್ಲ. ತುಂಗಭದ್ರೆಯ ದಡದಲ್ಲಿ ಈ ಪ್ರಶ್ನೆ ಬಹಳ ಹಿಂದಿನಿಂದಲೂ ಇದೆ.

ಕಂಪ್ಲಿಯನ್ನೇ ನೋಡಿ. ಕಂಪಿಲರಾಯನ ಮನೆತನದ ಕಥೆ ನಮ್ಮ ನಾಡಿನಲ್ಲಿ ಹಾಡಾಗಿ ಉಳಿದಿದೆ. ಕುಮಾರರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದುದು, ಅವಳ ಮೋಹ, ಸುಳ್ಳು ಆಪಾದನೆ, ತಂದೆಯ ಕೋಪ, ಮಂತ್ರಿಯು ರಾಮನನ್ನು ಗುಟ್ಟಾಗಿ ಉಳಿಸಿದ್ದು, ಇವೆಲ್ಲವನ್ನೂ 16ನೆಯ ಶತಮಾನದ ನಂಜುಂಡ ಕವಿಯಿಂದ ಹಿಡಿದು ಜನಪದ ಗಾಯಕರವರೆಗೆ ಅನೇಕರು ಹೇಳಿದ್ದಾರೆ. ಒಂದು ಮನೆಯ ಒಳಕೋಣೆಯ ವಿಷಯ ಊರೂರಿನ ಕಟ್ಟೆಯ ಮೇಲೆ ಹಾಡಾಯಿತು. ರತ್ನಾಜಿಯ ಕಡೆಯ ಮಾತನ್ನು ಯಾರೂ ಕೇಳಿದಂತಿಲ್ಲ ಎಂದು ನನಗೆ ಆಗಾಗ ಅನಿಸುವುದುಂಟು; ಅದು ಬೇರೆಯೇ ಲೇಖನಕ್ಕೆ ವಸ್ತು.

ಇದೇ ಮನೆತನದ ಕುರಿತು ಇನ್ನೊಂದು ದಾಖಲೆಯಿದೆ. ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತಾ 1333ರಲ್ಲಿ ಭಾರತಕ್ಕೆ ಬಂದು ಮಹಮ್ಮದ್ ಬಿನ್ ತುಘಲಕನ ದೆಹಲಿಯಲ್ಲಿ ಕಾಜಿಯಾಗಿ ಕೆಲವು ವರ್ಷ ಇದ್ದನು. ಸುಲ್ತಾನನ ವಿರುದ್ಧ ಬಂಡೆದ್ದ ಬಂಧು ಬಹಾಉದ್ದೀನನಿಗೆ ಕಂಪಿಲದ ರಾಯನು ಆಶ್ರಯ ಕೊಟ್ಟುದು, 1327ರ ಸುಮಾರಿಗೆ ಸೈನ್ಯ ಬಂದು ಮುತ್ತಿದುದು, ಅರಮನೆಯ ಸ್ತ್ರೀಯರು ಬೆಂಕಿಗೆ ಬಿದ್ದುದು, ರಾಯನು ಹೋರಾಡಿ ಮಡಿದುದು, ಇಷ್ಟನ್ನು ಆತ ಬರೆದಿದ್ದಾನೆ. ಅಲ್ಲಿಗೇ ನಿಲ್ಲಿಸಿಲ್ಲ. ರಾಯನ ಹನ್ನೊಂದು ಮಂದಿ ಮಕ್ಕಳು ಸೆರೆಯಾಗಿ ದೆಹಲಿಗೆ ಹೋದರು, ಇಸ್ಲಾಂ ಧರ್ಮವನ್ನು ಸ್ವೀಕರಿಸಿದರು, ಸುಲ್ತಾನನು ಅವರಿಗೆ ಅಮೀರರ ಪದವಿಯನ್ನು ಕೊಟ್ಟನು ಎಂದೂ ಹೇಳುತ್ತಾನೆ. ಅವರಲ್ಲಿ ಮೂವರನ್ನು ಆತ ಸ್ವತಃ ಬಲ್ಲನು: ನಸ್ರ್, ಬಖ್ತಿಯಾರ್ ಮತ್ತು ಅಬೂ ಮುಸ್ಲಿಂ. ಅಬೂ ಮುಸ್ಲಿಂನಿಗೆ ಸುಲ್ತಾನನು ಕುಡಿಯುವ ನೀರಿಗೆ ಮುದ್ರೆಯೊತ್ತುವ ನಂಬುಗೆಯ ಕೆಲಸವಿತ್ತಂತೆ.

ಓದುಗರು ಒಂದು ಗಳಿಗೆ ಇಲ್ಲಿ ನಿಲ್ಲಬೇಕು. ಕನ್ನಡದ ಕಾವ್ಯದಲ್ಲಿ ಕಂಪಿಲನ ಮನೆತನ ವೀರಮರಣದಲ್ಲಿ ಮುಗಿಯುತ್ತದೆ. ಯಾತ್ರಿಕನ ಬರಹದಲ್ಲಿ ಆ ಮನೆತನದ ಮಕ್ಕಳು ದೂರದ ಊರಿನಲ್ಲಿ, ಬೇರೆ ಹೆಸರಿನಲ್ಲಿ, ಬೇರೆ ಧರ್ಮದಲ್ಲಿ, ಹಗೆಯ ಆಸ್ಥಾನದಲ್ಲೇ ಬದುಕು ಕಟ್ಟಿಕೊಂಡಿದ್ದಾರೆ. ಎರಡೂ ಒಂದೇ ಕುಟುಂಬದ ಇತಿಹಾಸ. ಅಬೂ ಮುಸ್ಲಿಂನ ಮೊಮ್ಮಕ್ಕಳ ಕಾಲದಲ್ಲಿ ಯಾರಾದರೂ ದೆಹಲಿಯ ಬೀದಿಯಲ್ಲಿ ನಿಂತು ಇವರ ತಾತ ಇಂಥವನ ಮಗ ಎಂದು ಸಾರಿದ್ದರೆ ಅದು ಆ ಮೊಮ್ಮಕ್ಕಳಿಗೆ ಹೆಮ್ಮೆಯ ಮಾತಾಗುತ್ತಿತ್ತೋ ಅಪಾಯದ ಮಾತಾಗುತ್ತಿತ್ತೋ ಹೇಳಬಲ್ಲವರು ಅವರೇ. ಹರಿಹರ ಬುಕ್ಕರೂ ಕಂಪಿಲಿಯಿಂದ ಸೆರೆಯಾಗಿ ಹೋಗಿ, ಮತಾಂತರಗೊಂಡು, ಮರಳಿ ಬಂದವರೆಂಬ ವಾದವನ್ನು ಕುರಿತು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಏಳು ಶತಮಾನಗಳಾಚೆಯ ಆ ಜಗಳದಿಂದ ಯಾರ ಮನೆಯ ಒಲೆಯೂ ಆರುವುದಿಲ್ಲ. ಎಪ್ಪತ್ತು ವರ್ಷಗಳ ಹಿಂದಿನ ವಿಷಯವಾದರೆ ಹಾಗೆನ್ನಲಾಗದು.

ಹೊಸಪೇಟೆಯ ಹೆಸರಿನಲ್ಲಿಯೂ ಇಂಥದೊಂದು ಎಳೆಯಿದೆ. ಊರಿನ ಹಳೆಯ ಹೆಸರು ನಾಗಲಾಪುರ. ಕೃಷ್ಣದೇವರಾಯನು ತಾಯಿ ನಾಗಲಾಂಬಿಕೆಯ ನೆನಪಿಗೆ ಕಟ್ಟಿಸಿದನೆಂಬುದು ಇಲ್ಲಿಯ ನಂಬಿಕೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಾತ್ರ ಅರಸನು ಪತ್ನಿಯೊಬ್ಬಳ ಮೇಲಿನ ಪ್ರೀತಿಯಿಂದ ಕಟ್ಟಿಸಿ ಅವಳ ಹೆಸರಿಟ್ಟನೆಂದು ಬರೆದನು. ಅವನ ಬಳಿಕ ಬಂದ ನೂನಿಜ್, ಅರಸನು ಯೌವನದಲ್ಲಿ ಪ್ರೀತಿಸಿದ ಗಣಿಕೆ ಚಿನ್ನಾದೇವಿಯ ಕಥೆಯನ್ನು ಹೇಳಿದನು. 1900ರಲ್ಲಿ ರಾಬರ್ಟ್ ಸೀವೆಲ್ ಈ ಬರಹಗಳನ್ನು ಇಂಗ್ಲಿಷಿಗೆ ತಂದ ಮೇಲೆ ಎಲ್ಲವೂ ಎಲ್ಲರ ಕೈಗೆ ಬಂತು. ತಾಯಿಯೋ ಪತ್ನಿಯೋ ಗಣಿಕೆಯೋ ಎಂಬ ಈ ಮೂರು ಮಾತುಗಳಲ್ಲಿ ಯಾವುದನ್ನು ಯಾರು ಆರಿಸಿಕೊಳ್ಳುತ್ತಾರೆಂಬುದನ್ನು ನೋಡಿದರೆ ಸಾಕು, ಮನೆತನದ ಇತಿಹಾಸದ ಭಾರ ಹೆಚ್ಚಾಗಿ ಹೆಂಗಸರ ಹೆಗಲಿಗೇ ಬೀಳುತ್ತದೆ ಎಂಬುದು ತಿಳಿಯುತ್ತದೆ.

ಅರಸರ ಮಾತು ಅಲ್ಲಿಗಿರಲಿ. ಸಾಮಾನ್ಯ ಒಕ್ಕಲು ಮನೆಗಳ ವಂಶಾವಳಿಯನ್ನು ಕಾಯುತ್ತಿದ್ದವರು ಯಾರು? ಉತ್ತರ ಕರ್ನಾಟಕದ ಹಿರಿಯರಿಗೆ ಉತ್ತರ ಗೊತ್ತು: ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಸುಗ್ಗಿಯ ಬಳಿಕ ಬರುತ್ತಿದ್ದ ಹೆಳವನು ಮನೆಯ ಮುಂದೆ ನಿಂತು ಆ ಮನೆತನದ ಮೂಲ, ಗೋತ್ರ, ಬಿಟ್ಟುಬಂದ ಊರು, ತಲೆಮಾರುಗಳ ಹೆಸರುಗಳನ್ನು ಸರಾಗವಾಗಿ ಹೇಳುತ್ತಿದ್ದನು. ಹೊಸದಾಗಿ ಹುಟ್ಟಿದವರ ಹೆಸರನ್ನು ಕೇಳಿ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಿದ್ದನು. ಕಾಳು, ಬಟ್ಟೆ, ಕೆಲವೊಮ್ಮೆ ಕರುವನ್ನೇ ಕೊಟ್ಟು ಕಳುಹಿಸುತ್ತಿದ್ದರು. ಹೆಳವರ ಒಂದೊಂದು ಕುಟುಂಬಕ್ಕೂ ಗೊತ್ತುಪಡಿಸಿದ ಊರುಗಳು, ಗೊತ್ತುಪಡಿಸಿದ ಮನೆತನಗಳು ಇರುತ್ತಿದ್ದವು. ಒಬ್ಬರ ಹಕ್ಕಿನ ಮನೆಗೆ ಇನ್ನೊಬ್ಬರು ಹೋಗುವಂತಿರಲಿಲ್ಲ.

ಈ ವ್ಯವಸ್ಥೆಯನ್ನು ಅತಿಯಾಗಿ ಹೊಗಳುವುದು ಸಲ್ಲ. ಅಲ್ಲಿ ಹೆಚ್ಚಾಗಿ ಉಳಿಯುತ್ತಿದ್ದುದು ಗಂಡುಮಕ್ಕಳ ಹೆಸರು. ಹೆಣ್ಣುಮಕ್ಕಳು ಮದುವೆಯಾದೊಡನೆ ಪುಸ್ತಕದಿಂದಲೂ ಹೊರಗೆ. ಆದರೂ ಒಂದು ಗುಣವನ್ನು ಗುರುತಿಸಬೇಕು. ಹೆಳವನು ಕುಟುಂಬದ ಕಥೆಯನ್ನು ಹೇಳುತ್ತಿದ್ದುದು ಆ ಕುಟುಂಬದ ಅಂಗಳದಲ್ಲಿ, ಆ ಕುಟುಂಬದವರ ಕಿವಿಗೆ. ಹೇಳಿದ್ದು ತಪ್ಪೆಂದು ಮನೆಯ ಹಿರಿಯರು ಅಲ್ಲಿಯೇ ತಿದ್ದಬಹುದಿತ್ತು. ಪುಸ್ತಕ ಅವನ ಗಂಟಿನಲ್ಲಿ ಭದ್ರವಾಗಿರುತ್ತಿತ್ತು. ಕಥೆಗೂ ಕೇಳುಗರಿಗೂ ನಡುವೆ ಒಬ್ಬ ಮನುಷ್ಯನಿದ್ದನು. ಆ ಮನುಷ್ಯನ ಬದುಕು ಅದೇ ಮನೆಗಳ ವಿಶ್ವಾಸವನ್ನು ಅವಲಂಬಿಸಿತ್ತು. ಅಂತರಜಾಲದಲ್ಲಿ ಇಲ್ಲದಿರುವುದು ಈ ನಡುವಣ ಮನುಷ್ಯ.

ಧರ್ಮಸಭೆಯಲ್ಲಿ ಆ ನಡುವಣ ಮನುಷ್ಯ ಧರ್ಮಕೇಂದ್ರದ ಗುರು. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. 1614ರ ರೋಮನ್ ಆಚರಣಾ ಗ್ರಂಥವು ದೀಕ್ಷಾಸ್ನಾನ, ದೃಢೀಕರಣ, ವಿವಾಹ, ಮರಣಗಳ ಪುಸ್ತಕಗಳ ಜೊತೆಗೆ ‘ಆತ್ಮಗಳ ಸ್ಥಿತಿಗತಿ’ ಎಂಬ ಐದನೆಯ ಪುಸ್ತಕವನ್ನೂ ಹೇಳಿತು. ಮನೆ ಮನೆಗೂ ಯಾರಿದ್ದಾರೆ, ಯಾರು ಸಂಸ್ಕಾರಗಳನ್ನು ಪಡೆದಿದ್ದಾರೆ ಎಂಬ ಲೆಕ್ಕವದು. ಸರಕಾರಗಳು ಜನನ ಮರಣಗಳನ್ನು ಬರೆಯತೊಡಗುವ ಎಷ್ಟೋ ಮೊದಲೇ ಧರ್ಮಸಭೆಯ ಕಪಾಟುಗಳಲ್ಲಿ ಜನರ ಬದುಕು ದಾಖಲಾಗುತ್ತಿತ್ತು.

ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದುದು 1949ರಲ್ಲಿ. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಏಳುತ್ತಿದ್ದ ಕಾಲವೂ ಅದೇ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಆ ವರ್ಷಗಳಲ್ಲಿ ತಮಿಳು ತೆಲುಗು ಸೀಮೆಗಳಿಂದ ಕೂಲಿಗೆ ಬಂದು ಡ್ಯಾಮಿನ ಸುತ್ತ ಗುಡಿಸಲು ಹಾಕಿದ ಕುಟುಂಬಗಳು ಎಷ್ಟೋ. ಹಳೆಯ ಊರಿನಲ್ಲಿ ಕೇರಿಯ ಹೆಸರೇ ಅವರ ವಿಳಾಸವಾಗಿತ್ತು. ಇಲ್ಲಿ ಬಂದ ಮೇಲೆ ಅವರು ಡ್ಯಾಮಿನವರು. ಆ ಹೊಸ ವಿಳಾಸದಲ್ಲಿ ಒಂದು ಬಿಡುಗಡೆಯಿತ್ತು. ಮೊಮ್ಮಗನು ಇಂದು ಹಳೆಯ ಊರು, ಹಳೆಯ ಜಾತಿ, ಹಳೆಯ ಹೆಸರುಗಳನ್ನೆಲ್ಲ ಹುಡುಕಿ ತೆಗೆದು ಪ್ರಕಟಿಸಿದಾಗ, ಅಜ್ಜಿಯು ಅಷ್ಟು ಕಷ್ಟಪಟ್ಟು ದಾಟಿಬಂದ ಹೊಳೆಯನ್ನು ಅವಳ ಕೈಹಿಡಿದು ಹಿಂದಕ್ಕೆ ದಾಟಿಸಿದಂತಾಗುವ ಸಂಭವವೂ ಇದೆ.

ದೀಕ್ಷಾಸ್ನಾನದ ಪುಸ್ತಕದ ಒಂದು ಸಾಲನ್ನು ನೋಡಿದವರಿಗೆ ಅದರ ತೂಕ ಗೊತ್ತು. ಮಗುವಿನ ಹೆಸರು, ತಂದೆತಾಯಿಯರ ಹೆಸರು, ಜ್ಞಾನ ತಂದೆತಾಯಿಯರ ಹೆಸರು, ಹುಟ್ಟಿದ ಸ್ಥಳ, ದಿನಾಂಕ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೆಯ ವಿಧಿಯಂತೆ ಇದರ ಪಕ್ಕದಲ್ಲಿಯೇ ಮುಂದಿನ ಸಂಗತಿಗಳನ್ನೂ ಬರೆಯಬೇಕು: ದೃಢೀಕರಣ, ವಿವಾಹ, ದತ್ತು ಸ್ವೀಕಾರ, ಯಾಜಕ ದೀಕ್ಷೆ, ಧಾರ್ಮಿಕ ಸಭೆಯಲ್ಲಿ ಕೊಟ್ಟ ಶಾಶ್ವತ ವ್ರತ. ವಿವಾಹವು ಅಸಿಂಧುವೆಂದು ಘೋಷಣೆಯಾದರೆ ಅದೂ ಅಲ್ಲಿಯೇ ಬರುತ್ತದೆ. ಹೀಗೆ ಅಂಚಿನ ಮೂರು ಬೆರಳಗಲದ ಜಾಗದಲ್ಲಿ ಒಂದು ಬದುಕಿನ ಏಳುಬೀಳುಗಳೆಲ್ಲ ಸೇರಿಕೊಳ್ಳುತ್ತವೆ. ಅಜ್ಜನ ದೀಕ್ಷಾಸ್ನಾನದ ಪುಟದ ಚಿತ್ರವನ್ನು ಯಾರಾದರೂ ಮೊಬೈಲಿನಲ್ಲಿ ತೆಗೆದುಕೊಂಡರೆನ್ನಿ. ಅಜ್ಜನ ಸಾಲು ಒಂದೇ. ಅದೇ ಪುಟದಲ್ಲಿ ಇನ್ನೂ ಎಂಟು ಹತ್ತು ಕುಟುಂಬಗಳ ಸಾಲುಗಳಿರುತ್ತವೆ, ಅವುಗಳ ಅಂಚಿನ ಟಿಪ್ಪಣಿಗಳೂ ಇರುತ್ತವೆ. ಆ ಚಿತ್ರ ಹೊರಟುಹೋದರೆ ಎಲ್ಲವೂ ಒಟ್ಟಿಗೆ ಹೊರಟುಹೋಗುತ್ತವೆ.

ಅದೇ ಸಂಹಿತೆಯ 877ನೆಯ ವಿಧಿಯು ಇನ್ನೂ ಸೂಕ್ಷ್ಮವಾದುದು. ಅವಿವಾಹಿತ ತಾಯಿಯ ಮಗುವಿಗೆ ದೀಕ್ಷಾಸ್ನಾನವಾದಾಗ, ತಾಯ್ತನವು ಬಹಿರಂಗವಾಗಿ ತಿಳಿದಿದ್ದರೆ ಅಥವಾ ತಾಯಿಯೇ ಇಷ್ಟಪಟ್ಟು ಕೇಳಿದರೆ ಅವಳ ಹೆಸರನ್ನು ಬರೆಯಬೇಕು. ಸಾರ್ವಜನಿಕ ದಾಖಲೆಯಿದ್ದರೆ, ಅಥವಾ ತಂದೆಯೇ ಗುರುಗಳ ಹಾಗೂ ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಂಡರೆ ಅವನ ಹೆಸರನ್ನು ಬರೆಯಬೇಕು. ಮಿಕ್ಕ ಸಂದರ್ಭಗಳಲ್ಲಿ ಮಗುವಿನ ಹೆಸರಷ್ಟೇ. ಗುರುವಿಗೆ ಊರ ಮಾತು ಗೊತ್ತಿದ್ದರೂ ಊರ ಮಾತು ಪುಸ್ತಕಕ್ಕೆ ಬರಬಾರದು. ಗುಪ್ತವಾಗಿ ನೆರವೇರಿದ ವಿವಾಹಗಳಿಗೆ ಪ್ರತ್ಯೇಕ ಪುಸ್ತಕವಿದ್ದು, ಅದು ಧರ್ಮಾಧ್ಯಕ್ಷರ ಗುಪ್ತ ಭಂಡಾರದಲ್ಲಿರಬೇಕೆಂದು 1133ನೆಯ ವಿಧಿ ಹೇಳುತ್ತದೆ. ಇವೆಲ್ಲಕ್ಕೂ ಬುನಾದಿಯೆಂಬಂತೆ 220ನೆಯ ವಿಧಿಯು ಯಾರ ಸತ್ಕೀರ್ತಿಗೂ ಅನ್ಯಾಯವಾಗಿ ಹಾನಿ ತರಬಾರದು, ಯಾರ ಖಾಸಗಿತನದ ಹಕ್ಕನ್ನೂ ಉಲ್ಲಂಘಿಸಬಾರದು ಎನ್ನುತ್ತದೆ. ನಮ್ಮ ದೇಶದ ನ್ಯಾಯಾಲಯ ಆ ಹಕ್ಕನ್ನು ಸ್ಪಷ್ಟವಾಗಿ ಸಾರುವ ಮೂರು ದಶಕಗಳಿಗೂ ಮೊದಲಿನ ಮಾತಿದು.

ಪುಸ್ತಕಗಳು ಕಪಾಟಿನಿಂದ ಹೊರಬರುವ ಪ್ರಶ್ನೆ ಜಗತ್ತಿನ ಮಟ್ಟದಲ್ಲೂ ಎದ್ದಿತ್ತು. ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಸ್ಥೆಯು ಅನೇಕ ದೇಶಗಳ ಧರ್ಮಕೇಂದ್ರಗಳ ಪುಸ್ತಕಗಳನ್ನು ದಶಕಗಳಿಂದ ಚಿತ್ರೀಕರಿಸಿಕೊಳ್ಳುತ್ತಿತ್ತು. ಹರಿದ್ವಾರದ ಪಂಡರ ಬಳಿಯಿರುವ ಯಾತ್ರಿಕರ ವಂಶಾವಳಿ ಕಟ್ಟುಗಳನ್ನೂ ಅದು ಬಿಟ್ಟಿರಲಿಲ್ಲ. ಸತ್ತವರ ಹೆಸರಿನಲ್ಲಿ ದೀಕ್ಷಾಸ್ನಾನ ನೀಡುವ ಆ ಪಂಥದ ಆಚರಣೆಗೆ ಈ ಹೆಸರುಗಳು ಬಳಕೆಯಾಗುತ್ತವೆಂಬ ಕಾರಣದಿಂದ, 2008ರ ಏಪ್ರಿಲ್ 5ರ ಪತ್ರದಲ್ಲಿ ವ್ಯಾಟಿಕನ್ನಿನ ಯಾಜಕರ ಪರಿಷತ್ತು ಪುಸ್ತಕಗಳನ್ನು ಆ ಸಂಸ್ಥೆಗೆ ಕೊಡಕೂಡದೆಂದು ಧರ್ಮಾಧ್ಯಕ್ಷರಿಗೆ ತಿಳಿಸಿತು. ದೂರದ ದೇಶದ ಈ ಕಾರಣ ನಮ್ಮ ಹಳ್ಳಿಯ ವಿಶ್ವಾಸಿಗೆ ಅಷ್ಟು ತಟ್ಟದಿರಬಹುದು. ಅವನಿಗೆ ತಟ್ಟುವ ಕಾರಣ ಬೇರೆಯಿದೆ, ಅದು ಅನ್ನದ ಪ್ರಶ್ನೆ.

1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ವಿಸ್ತರಿಸಿಲ್ಲ. ಇದರಿಂದಾಗಿ ನಮ್ಮ ಹಳ್ಳಿಗಳಲ್ಲಿ ಒಂದೇ ಮನೆಯೊಳಗೆ ಒಬ್ಬರು ಕ್ರೈಸ್ತರು, ಒಬ್ಬರು ಹಿಂದೂಗಳೆಂದು ದಾಖಲಾಗಿರುವುದುಂಟು. ತಾತ ದೀಕ್ಷಾಸ್ನಾನ ಪಡೆದಿದ್ದರೂ ಮೊಮ್ಮಕ್ಕಳು ಆ ದಾರಿಯಲ್ಲಿ ಇಲ್ಲದಿರುವುದೂ ಉಂಟು. 2024ರ ನವೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವು ಪುದುಚೇರಿಯ ಮಹಿಳೆಯೊಬ್ಬರಿಗೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರವನ್ನು ನಿರಾಕರಿಸಿದ ತೀರ್ಪನ್ನು ಎತ್ತಿಹಿಡಿಯಿತು. ಅಲ್ಲಿ ಪರಿಗಣನೆಗೆ ಬಂದ ಆಧಾರಗಳಲ್ಲಿ ಶೈಶವದಲ್ಲಿ ಆಕೆಗಾದ ದೀಕ್ಷಾಸ್ನಾನವೂ ಒಂದು. ತೀರ್ಪಿನ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ನಾನು ಹೇಳಬಯಸುವುದಿಷ್ಟೇ: ಸಂಬಂಧಿಯೊಬ್ಬನು ಉತ್ಸಾಹದಿಂದ ಏರಿಸಿದ ಒಂದು ಪುಟ ಇನ್ನೊಬ್ಬನ ಉದ್ಯೋಗದ ಕಡತದೊಳಗೆ ಹೋಗಿ ಕೂರಬಲ್ಲದು. ಏರಿಸಿದವನಿಗೆ ಅದು ಹೆಮ್ಮೆಯ ನೆನಪು. ಕಡತದವನಿಗೆ ಅದು ಮಕ್ಕಳ ಓದು.

ಹಾಗಾದರೆ ಎಲ್ಲವನ್ನೂ ಮುಚ್ಚಿಡಬೇಕೇ ಎಂದು ತಾವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯದು, ಏಕೆಂದರೆ ಮೌನದಿಂದ ನೊಂದವರೂ ನಮ್ಮ ನಡುವೆಯೇ ಇದ್ದಾರೆ. ತುಂಗಭದ್ರೆಯ ಎರಡೂ ದಡಗಳಲ್ಲಿ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಪದ್ಧತಿ ಎಷ್ಟು ಆಳವಾಗಿ ಬೇರೂರಿತ್ತೆಂಬುದು ಯಾರಿಗೂ ಹೊಸತಲ್ಲ. 1982ರ ಕಾಯ್ದೆ ಅದನ್ನು ನಿಷೇಧಿಸಿತು. 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ 46,660 ಮಂದಿ ದೇವದಾಸಿಯರನ್ನು ಗುರುತಿಸಿದವು. ಇವರ ಮಕ್ಕಳು ಶಾಲೆಗೆ ಸೇರುವಾಗ ಎದುರಾಗುತ್ತಿದ್ದ ಮೊದಲ ಗೋಡೆ ‘ತಂದೆಯ ಹೆಸರು’ ಎಂಬ ಅಂಕಣ. 2025ರಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕ ಈ ಗೋಡೆಯನ್ನು ಎರಡು ಕಡೆಯಿಂದ ಒಡೆಯಿತು: ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ, ಮಗುವು ಬಯಸಿದರೆ ತಂದೆ ಯಾರೆಂದು ನಿರ್ಧರಿಸಿಕೊಳ್ಳಲು ಕಾನೂನಿನ ದಾರಿಯಿದೆ. ತಿಳಿಯುವ ಹಕ್ಕು ಮಗುವಿನದು, ಹೇಳದಿರುವ ಹಕ್ಕೂ ಮಗುವಿನದು. ಊರಿಗೆ ಎರಡರಲ್ಲೂ ಪಾಲಿಲ್ಲ. ಈ ವಿಷಯದಲ್ಲಿ ನಾನು ಓದಿದ ಮಾತುಗಳಲ್ಲಿ ಇಷ್ಟು ನ್ಯಾಯವಾದುದು ಕಡಿಮೆ.

ಹೊಸಪೇಟೆಯ ಸಮೀಪದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರನ್ನೂ ಇಲ್ಲಿ ನೆನೆಯಬೇಕು. 2021ರ ಪದ್ಮಶ್ರೀ ಪುರಸ್ಕಾರ ಪಡೆದ ಈ ಜನಪದ ಕಲಾವಿದೆ ತಮ್ಮ ಹುಟ್ಟು, ಮನೆಯವರಿಂದ ದೂರವಾದುದು, ಹಸಿವು, ಅವಮಾನ, ಎಲ್ಲವನ್ನೂ ಲೋಕದ ಮುಂದೆ ಹೇಳಿದರು. ಅವರ ಆತ್ಮಕಥನ ಪುಸ್ತಕವಾಗಿಯೂ ಬಂತು. ಅದೇ ಮಾತುಗಳನ್ನು ಅವರ ಅನುಮತಿಯಿಲ್ಲದೆ ಇಪ್ಪತ್ತು ವರ್ಷ ಮೊದಲೇ ಬೇರೆಯವರು ಬರೆದಿದ್ದರೆ ಅದು ಬಯಲು ಮಾಡುವುದಾಗುತ್ತಿತ್ತು. ಅವರ ಬಾಯಿಂದ ಬಂದಾಗ ಅದು ಸಾಕ್ಷ್ಯವಾಯಿತು.

ಸಂಡೂರಿನಲ್ಲಿ ಇದರ ಇನ್ನೊಂದು ಮುಖವನ್ನು ಕಾಣುತ್ತೇವೆ. ಅಲ್ಲಿಯ ಘೋರ್ಪಡೆ ಅರಸು ಮನೆತನದ ವಂಶಾವಳಿ ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತದೆ. 1949ರಲ್ಲಿ ವಿಲೀನವಾದ ಆ ಪುಟ್ಟ ಸಂಸ್ಥಾನದ ಚರಿತ್ರೆಯೇ ಅದು. ಬೆಟ್ಟದ ಬುಡದ ತಾಂಡಾಗಳ ಕುಟುಂಬಗಳು ಸರಕಾರಿ ಕಾಗದದ ಮೇಲೆ ಬಂದ ಬಗೆ ಬೇರೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ಬಳಿಕ ಮದ್ರಾಸ್ ಪ್ರಾಂತ್ಯದಲ್ಲೂ ಜಾರಿಗೆ ಬಂದು, ಕೊರಚರು, ಕೆಲವೆಡೆ ಲಂಬಾಣಿಗಳು, ಹುಟ್ಟಿನ ಕಾರಣಕ್ಕೇ ಪೊಲೀಸರ ಪಟ್ಟಿ ಸೇರಿದರು. ಬೆರಳಚ್ಚು ಕೊಟ್ಟು ಹಾಜರಿ ಹಾಕಬೇಕಾಯಿತು. 1952ರಲ್ಲಿ ಕಾಯ್ದೆ ರದ್ದಾಯಿತು, ಕಾಗದಗಳು ಉಳಿದವು. ಸಂಶೋಧಕನೊಬ್ಬನಿಗೆ ಅಂಥ ಪಟ್ಟಿ ದೊರೆತರೆ ಅದು ಅಮೂಲ್ಯ ಆಕರ. ಅದರಲ್ಲಿ ತಾತನ ಹೆಸರನ್ನು ಕಂಡ ಮೊಮ್ಮಗಳ ಪಾಲಿಗೆ ಅದು ಬೇರೇನೋ. ಇಂದು ಅದೇ ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯಲ್ಲಿ ಅವರು ಹೊಲಿದ 1,755 ಕಸೂತಿ ತುಣುಕುಗಳು ಗಿನ್ನೆಸ್ ದಾಖಲೆ ಸೇರಿದವು. ಯಾವ ಪಟ್ಟಿಯಲ್ಲಿ ತಮ್ಮ ಹೆಸರು ಕಾಣಬೇಕೆಂದು ಆರಿಸುವ ಅವಕಾಶ ಕೊಟ್ಟರೆ ಅವರು ಯಾವುದನ್ನು ಆರಿಸುವರೆಂದು ಕೇಳಿ ತಿಳಿಯಬೇಕಾಗಿಲ್ಲ.

ಕಾನೂನು ಎಲ್ಲಿಯವರೆಗೆ ನೆರವಾದೀತು? ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಆದರೆ ಒಬ್ಬ ವ್ಯಕ್ತಿಯು ಸ್ವಂತದ ಅಥವಾ ಮನೆಯ ಉದ್ದೇಶಕ್ಕಾಗಿ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಸತ್ತವರ ವಿಷಯದಲ್ಲಿ ನ್ಯಾಯಾಲಯಗಳು ಇನ್ನೂ ಬಿಗಿ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಬದುಕನ್ನು ಆಧರಿಸಿದ ಚಲನಚಿತ್ರವನ್ನು ತಡೆಯಬೇಕೆಂದು ಸಂಬಂಧಿಯೊಬ್ಬರು ಕೋರಿದಾಗ, ಮರಣದೊಂದಿಗೆ ಖಾಸಗಿತನದ ಹಕ್ಕು ಮುಗಿಯುತ್ತದೆ, ಅದು ಆಸ್ತಿಯಂತೆ ವಾರಸುದಾರರಿಗೆ ಬರುವುದಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿತು. ತಾತನ ಗುಟ್ಟಿಗೆ ಕಾನೂನಿನ ಕಾವಲಿಲ್ಲವೆಂದಾಯಿತು. ಆ ಗುಟ್ಟಿನ ಅರ್ಧ ಮೊಮ್ಮಗಳದೂ ಆಗಿದ್ದರೆ ಏನೆಂಬುದಕ್ಕೆ ತಾತನ ಕಡೆಯಿಂದ ಉತ್ತರ ಸಿಗುವುದಿಲ್ಲ.

ಕಾಲಮಿತಿಯ ಉಪಾಯವನ್ನು ಕೆಲವು ದೇಶಗಳು ಅನುಸರಿಸಿವೆ. ಅಮೆರಿಕವು ಜನಗಣತಿಯ ಹಾಳೆಗಳನ್ನು 72 ವರ್ಷಗಳ ಬಳಿಕ ತೆರೆಯುತ್ತದೆ. 1950ರ ಗಣತಿ 2022ರಲ್ಲಿ ತೆರೆಯಿತು. ಇಂಗ್ಲೆಂಡಿನಲ್ಲಿ ಗಡುವು ನೂರು ವರ್ಷ. ನಮ್ಮ 1948ರ ಜನಗಣತಿ ಕಾಯ್ದೆಯ 15ನೆಯ ಕಲಮಿನಂತೆ ಮನೆಮನೆಯ ವಿವರಗಳು ಯಾರ ಪರಿಶೀಲನೆಗೂ ತೆರೆದಿಲ್ಲ. ಜಾತಿಯ ನೆನಪು ಎಷ್ಟು ದೀರ್ಘವೆಂಬುದನ್ನು ಬಲ್ಲ ಸಮಾಜದಲ್ಲಿ ನೂರು ವರ್ಷ ಸಾಕೇ ಎಂಬ ಬಗ್ಗೆ ನನಗೆ ಸಂಶಯವಿದೆ.

ಮೋಸಗಾರರ ಮಾತನ್ನೂ ಸೇರಿಸಬೇಕು. ಬ್ಯಾಂಕಿನ ಅರ್ಜಿಯಲ್ಲಿ ತಾಯಿಯ ಹೆಸರನ್ನು, ಹುಟ್ಟಿದ ದಿನಾಂಕವನ್ನು ಕೇಳುತ್ತಾರೆ. ಸುಂದರವಾಗಿ ರಚಿಸಿದ ವಂಶವೃಕ್ಷದಲ್ಲಿ ಇವೆರಡೂ ಸಿದ್ಧವಾಗಿರುತ್ತವೆ. ದೂರದ ಅತ್ತೆಯ ಮಗನೆಂದು ಹೇಳಿಕೊಂಡು ಫೋನು ಮಾಡುವವನಿಗೆ ಅತ್ತೆಯ ಹೆಸರನ್ನೂ ನಾವೇ ಒದಗಿಸಿರುತ್ತೇವೆ. ಜಮೀನಿನ ಪೌತಿ ಖಾತೆಗೆ ನಾಡಕಚೇರಿಯಲ್ಲಿ ವಂಶವೃಕ್ಷ ಕೇಳುವ ನಾಡು ನಮ್ಮದು. ಗಣಿಯ ದೂಳು ಬಿದ್ದ ಕಡೆಯಲ್ಲೆಲ್ಲ ನೆಲದ ಬೆಲೆ ಏರಿದಾಗ, ಯಾರ ಹೆಸರು ಮರದಲ್ಲಿದೆ, ಯಾರದು ಬಿಟ್ಟುಹೋಗಿದೆ ಎಂಬುದು ಅಣ್ಣತಮ್ಮಂದಿರನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಿದೆ. ಇನ್ನು ಎಂಜಲಿನ ಹನಿಯಿಂದ ವಂಶ ಹೇಳುವ ಕಂಪನಿಗಳು. ಅಮೆರಿಕದ ಟ್ವೆಂಟಿತ್ರೀ ಅಂಡ್ ಮಿ ಕಂಪನಿಯಲ್ಲಿ 2023ರಲ್ಲಿ ಕಳ್ಳರು ನೇರವಾಗಿ ಹೊಕ್ಕಿದ್ದು ಸುಮಾರು 14,000 ಖಾತೆಗಳಿಗೆ. ಬಂಧುಗಳನ್ನು ಬೆಸೆಯುವ ಸೌಲಭ್ಯದ ಮೂಲಕ ಅವರ ಕೈಗೆ ಸಿಕ್ಕಿದ್ದು ಸುಮಾರು 69 ಲಕ್ಷ ಜನರ ವಿವರ. 2025ರಲ್ಲಿ ಆ ಕಂಪನಿ ದಿವಾಳಿಯ ಅರ್ಜಿ ಹಾಕಿತು.

ಪವಿತ್ರ ಗ್ರಂಥದಲ್ಲಿ ಎರಡೂ ಬಗೆಯ ನಡತೆಗಳಿವೆ. ಆದಿಕಾಂಡದಲ್ಲಿ ತಂದೆ ನೋಹನ ಬೆತ್ತಲೆಯನ್ನು ಕಂಡ ಒಬ್ಬ ಮಗನು ಹೊರಗೆ ಬಂದು ಹೇಳಿದನು; ಇನ್ನಿಬ್ಬರು ಹಿಮ್ಮುಖವಾಗಿ ನಡೆದುಹೋಗಿ ಹೊದಿಸಿದರು. ಅತ್ತ ಸಂತ ಮತ್ತಾಯರು ಪ್ರಭುವಿನ ವಂಶಾವಳಿಯನ್ನು ಬರೆಯುವಾಗ ತಾಮಾರಳನ್ನು, ರಾಹಾಬಳನ್ನು, ರೂತಳನ್ನು, ಊರೀಯನ ಪತ್ನಿಯನ್ನು ಬಿಡಲಿಲ್ಲ. ಆದರೆ ಮತ್ತಾಯರು ಹೆಸರಿಸಿದ ಆ ಸ್ತ್ರೀಯರು ತೀರಿಹೋಗಿ ಶತಮಾನಗಳೇ ಕಳೆದಿದ್ದವು, ಅವರ ಕಥೆ ಅದಾಗಲೇ ಗ್ರಂಥಸ್ಥವಾಗಿತ್ತು. ನೋಹನು ಗುಡಾರದೊಳಗೆ ಜೀವಂತವಾಗಿದ್ದನು.

ಹಾಗಾಗಿ ಮನೆತನದ ಇತಿಹಾಸವನ್ನು ಬರೆಯಲು ಹೊರಟ ಓದುಗರಲ್ಲಿ ನನ್ನ ವಿನಂತಿ ಬಹಳ ಸರಳವಾದುದು. ಬರೆಯಿರಿ, ವಿವರವಾಗಿಯೇ ಬರೆಯಿರಿ. ಹೆಣ್ಣುಮಕ್ಕಳ ಹೆಸರುಗಳನ್ನೂ ಸೇರಿಸಿ ಬರೆಯಿರಿ. ಬರೆದುದರ ಪೂರ್ಣ ಪ್ರತಿ ಮನೆಯಲ್ಲಿರಲಿ, ಹೆಳವನ ಪುಸ್ತಕದಂತೆ. ಹೊರಗೆ ಹೋಗುವ ಪ್ರತಿಯಲ್ಲಿ ಬದುಕಿರುವವರ ಹೆಸರಿನ ಜಾಗದಲ್ಲಿ ‘ಮಗಳು’, ‘ಮೊಮ್ಮಗ’ ಎಂದಷ್ಟೇ ಸಾಕು. ಹುಟ್ಟಿದ ದಿನಾಂಕ ಬೇಡ. ದತ್ತು, ಎರಡನೆಯ ಮದುವೆ, ಮತಾಂತರ, ಕಾಯಿಲೆ, ಸೆರೆವಾಸ, ಜಾತಿಯ ಹೆಸರು, ಇವು ಬರುವ ಕಡೆ ಯಾರ ಬದುಕಿಗೆ ತಟ್ಟುತ್ತದೋ ಅವರನ್ನೇ ಕೇಳಿ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ, ಅಲ್ಲಿ ಬೇಡವೆನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಮನೆಗೆ ಹೋಗಿ, ಕುಳಿತು ಕೇಳಿ. ಧರ್ಮಕೇಂದ್ರದ ಕಚೇರಿಯಲ್ಲಿ ಪುಟದ ಚಿತ್ರಕ್ಕಾಗಿ ಒತ್ತಾಯಿಸುವ ಬದಲು ತಮ್ಮ ಹಿರಿಯರಿಗೆ ಸಂಬಂಧಿಸಿದ ಸಾಲಿನ ಪ್ರಮಾಣಪತ್ರವನ್ನು ಬರೆಯಿಸಿಕೊಳ್ಳಿ. ಗುರುಗಳು ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡು, ಪಕ್ಕದ ಸಾಲುಗಳ ಮೇಲೆ ಒಂದು ಹಾಳೆಯನ್ನಿಟ್ಟು ಓದಿ ಹೇಳಿದರೆ ಬೇಸರಪಟ್ಟುಕೊಳ್ಳಬೇಡಿ. ಆ ಹಾಳೆಯ ಕೆಳಗೆ ತಮ್ಮ ನೆರೆಯವರಿದ್ದಾರೆ. ನಾಳೆ ನೆರೆಯವರು ಬಂದಾಗ ಅದರ ಕೆಳಗೆ ತಾವಿರುತ್ತೀರಿ.